ಹುಣಿಸೆ ಬೀಜದ ಸರ್ಕಾರ

ನನಗೆ ನೆನಪು ಮೂಡುವ ಹೊತ್ತಿಗೆ ನಮ್ಮ ಮನೆಯಲ್ಲಿ ಅಜ್ಜಿಯ ರಾಜ್ಯಭಾರ ನಡೆಯುತ್ತಿತ್ತು. ಜಯನಗರ ಒಂಬತ್ತನೇ ಬ್ಲಾಕಿನಲ್ಲಿ, ಮುಂದೆ ನುಗ್ಗೆ ಮರ, ಹಿಂದೆ ಒಗೆಯುವ ಕಲ್ಲು ಇದ್ದ ಪುಟ್ಟ ತಾರಸಿ ಮನೆ ಅದು. ಆ ರಾಜ್ಯದ ಬೀಗದ ಕೈ ಗೊಂಚಲು ಅಜ್ಜಿಯ ಸೊಂಟದಲ್ಲಿರುತ್ತಿತ್ತು. ಅವಳು ಓಡಾಡಿದರೆ ಸದ್ದಾಗುತ್ತಿತ್ತು, ಆ ಸದ್ದಿಗೆ ನಾವೆಲ್ಲ ನೆಟ್ಟಗೆ ಕೂರುತ್ತಿದ್ದೆವು. ಯಾರು ಮೊದಲು ಸ್ನಾನ ಮಾಡಬೇಕು, ಯಾವ ಹಬ್ಬಕ್ಕೆ ಏನು ಮಾಡಬೇಕು, ಯಾರಿಗೆ ಎಂಥ ಕಾಫಿ, ಎಲ್ಲಕ್ಕೂ ಅವಳದೇ ಕಾನೂನು. ಮೊದಲ ಡಿಕಾಕ್ಷನ್ನಿನ ಗಟ್ಟಿ ಕಾಫಿ ಅಪ್ಪನಿಗೆ ಮತ್ತು ಅತ್ತೆಗೆ, ಏಕೆಂದರೆ ಅವರಿಬ್ಬರೂ ಕೆಲಸಕ್ಕೆ ಹೋಗುವವರು. ಎರಡನೇ ಸಲ ನೀರು ಹೊಯ್ದು ಇಳಿಸಿದ ತಿಳಿ ಕಾಫಿ ಅಮ್ಮನಿಗೆ. ಅಮ್ಮ ಅದನ್ನು ಒಂದು ಮಾತೂ ಆಡದೆ ಕುಡಿಯುತ್ತಿದ್ದಳು, ಆದರೆ ಲೋಟವನ್ನು ಕೆಳಗಿಡುವಾಗ ಸ್ವಲ್ಪ ಜೋರಾಗಿ ಇಡುತ್ತಿದ್ದಳು. ಅಜ್ಜಿಯ ತೀರ್ಪಿಗೆ ಅಪೀಲು ಇರಲಿಲ್ಲ. ಆದರೆ ಕ್ಷಮೆ ಇತ್ತು. ಒಮ್ಮೆ ನಾನು ಉಪ್ಪಿನಕಾಯಿ ಜಾಡಿ ಒಡೆದಾಗ ಹಿತ್ತಲ ಮೆಟ್ಟಿಲ ಮೇಲೆ ಕೂತಿರಬೇಕೆಂದು ಶಿಕ್ಷೆಯಾಯಿತು. ದೀಪ ಹಚ್ಚುವ ಹೊತ್ತಿಗೆ ಅವಳೇ ಬಂದು ಏಳೇ ಕತ್ತೆ ಎಂದು ಎಬ್ಬಿಸಿ, ಒಡೆದ ಜಾಡಿಯ ಅದೇ ಉಪ್ಪಿನಕಾಯಿಯ ಉಳಿದ ರಸದಲ್ಲಿ ಅನ್ನ ಕಲಸಿ ಕೈತುತ್ತು ಹಾಕಿದಳು. ಶಿಕ್ಷೆ ಯಾಕಾಯಿತು, ಕ್ಷಮೆ ಯಾಕಾಯಿತು ಎಂದು ಕೇಳುವ ಹಾಗಿರಲಿಲ್ಲ. ಎರಡೂ ಒಂದೇ ಕೈಯಿಂದ ಬರುತ್ತಿದ್ದವು, ಅಷ್ಟು ಮಾತ್ರ ಗೊತ್ತಿತ್ತು.

ಆ ರಾಜ್ಯದಲ್ಲಿ ಯಾವ ಕಾನೂನೂ ಅನ್ವಯಿಸದ ಪ್ರಜೆ ಒಬ್ಬನಿದ್ದ. ಅಪ್ಪನ ತಮ್ಮ, ನನ್ನ ಸೀನು ಚಿಕ್ಕಪ್ಪ. ಮೂವತ್ತು ದಾಟಿದ ಗಂಡಸು, ಆದರೆ ಬುದ್ಧಿ ನನ್ನ ವಯಸ್ಸಿನ ಹತ್ತಿರ ಎಲ್ಲೋ ನಿಂತುಬಿಟ್ಟಿತ್ತು. ನನಗಂತೂ ಅವನು ದೊಡ್ಡವರ ಮೈಯಲ್ಲಿ ಇಳಿದು ಬಂದ ಗೆಳೆಯ. ಹಾಲಿನ ಬೂತಿನಿಂದ ಹಾಲು ತರುವುದು, ಬಚ್ಚಲ ಹಂಡೆಗೆ ನೀರು ತುಂಬುವುದು, ಅವರೆಕಾಯಿ ಕಾಲದಲ್ಲಿ ನೆನೆಸಿದ ಕಾಳನ್ನು ಹಿತುಕುವುದು ಅವನ ಕೆಲಸ. ಅವನು ಹಿತುಕಿದರೆ ಬೇಳೆ ಪುಟಕ್ಕನೆ ಹಾರಿ ಪಾತ್ರೆಯೊಳಗೇ ಬೀಳುತ್ತಿತ್ತು, ನಾನು ಹಿತುಕಿದರೆ ಗೋಡೆಗೆ. ಹಾಲಿನ ಕೆನೆ ಇಡೀ ಮನೆಯಲ್ಲಿ ಅವನೊಬ್ಬನಿಗೇ ಮೀಸಲು. ಬಂದ ನೆಂಟರಲ್ಲಿ ಯಾರಾದರೂ ಇವನನ್ನು ಎಲ್ಲಾದರೂ ಸೇರಿಸಬಾರದೇ ಎಂದು ಬಾಯಿ ತೆರೆದರೆ ಅಜ್ಜಿ ಉತ್ತರಿಸುತ್ತಿರಲಿಲ್ಲ. ಒಳಗೆ ಹೋಗಿ ಅವರ ಪಾಲಿನ ಕಾಫಿಯನ್ನು ತಿಳಿ ಮಾಡಿಸುತ್ತಿದ್ದಳು.

ಅಪ್ಪ ಹೈಸ್ಕೂಲಿನಲ್ಲಿ ಪೌರನೀತಿಯ ಪಾಠ ಹೇಳುತ್ತಿದ್ದರು. ಪಾಠ ಶಾಲೆಯಲ್ಲಿ ಮುಗಿಯುತ್ತಿರಲಿಲ್ಲ, ಊಟದ ಎಲೆಯವರೆಗೂ ಬರುತ್ತಿತ್ತು. ಒಬ್ಬರು ಆಳಿದರೆ ರಾಜಪ್ರಭುತ್ವ, ಕೆಲವರು ಸೇರಿ ಆಳಿದರೆ ಶ್ರೀಮಂತರ ಆಳ್ವಿಕೆ, ಎಲ್ಲರೂ ಆಳಿದರೆ ಪ್ರಜಾಪ್ರಭುತ್ವ ಎಂದು ಅನ್ನ, ಹುಳಿ, ಪಲ್ಯಗಳನ್ನು ಬೇರೆ ಬೇರೆ ಗುಡ್ಡೆ ಮಾಡಿ ನನಗೆ ತೋರಿಸುತ್ತಿದ್ದರು. ಅಧಿಕಾರ ಒಂದೇ ಕಡೆ ಶೇಖರವಾಗಬಾರದು, ನಿಂತ ನೀರಿನ ಹಾಗೆ ಕೊಳೆಯುತ್ತೆ ಎನ್ನುತ್ತಿದ್ದರು. ಅಜ್ಜಿ ಅಡುಗೆಮನೆಯಿಂದಲೇ, ಕಲಸಿಕೊಂಡು ತಿನ್ನು, ಆರಿಹೋಗುತ್ತೆ ಎನ್ನುತ್ತಿದ್ದಳು. ಅಪ್ಪ ಕಲಸಿಕೊಂಡು ತಿನ್ನುತ್ತಿದ್ದರು.

ಒಂದು ಮಳೆಗಾಲದಲ್ಲಿ ಅಜ್ಜಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಆಸ್ಪತ್ರೆಯಿಂದ ಬಂದ ಮೇಲೆ ಹಾಲ್‌ನ ಕಿಟಕಿಯ ಪಕ್ಕ ಹಾಕಿದ್ದ ಮಂಚವೇ ಅವಳ ಜಾಗವಾಯಿತು. ಬೀಗದ ಕೈ ಗೊಂಚಲನ್ನು ಯಾರ ಕೈಗೂ ಕೊಡದೆ ದೇವರ ಮುಂದೆ ಇಡಿಸಿದಳು. ಅಲ್ಲಿಂದ ಮನೆಯಲ್ಲಿ ಅರಾಜಕತೆ ಶುರುವಾಯಿತು. ಗೊಂಚಲನ್ನು ಬೆಳಿಗ್ಗೆ ಅಮ್ಮ ಎತ್ತಿಕೊಂಡರೆ ಸಂಜೆ ಅತ್ತೆಯ ಬಳಿ ಇರುತ್ತಿತ್ತು. ಅತ್ತೆ ಅಪ್ಪನ ಅಕ್ಕ, ಗಂಡ ತೀರಿಕೊಂಡ ಮೇಲೆ ನಮ್ಮಲ್ಲೇ ಇದ್ದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡುತ್ತಿದ್ದಳು. ಅವಳಿಗೆ ಮಾತು ಹೆಚ್ಚು, ಅಮ್ಮನಿಗೆ ಮೌನ ಹೆಚ್ಚು, ಎರಡೂ ಸಮ ಸಮ ಹರಿತ. ಒಂದು ದಿನ ಹುಳಿಗೆ ಇಬ್ಬರೂ ಉಪ್ಪು ಹಾಕಿದರು, ಮರುದಿನ ಹಾಕಿರಬಹುದೆಂದುಕೊಂಡು ಇಬ್ಬರೂ ಬಿಟ್ಟರು. ಆ ಉಪ್ಪಿಲ್ಲದ ಹುಳಿ ತಿಂದು ಕೈ ತೊಳೆದವರೇ ಅಪ್ಪ, ಇನ್ನು ಮೇಲೆ ಈ ಮನೆ ಎಲ್ಲರ ಒಪ್ಪಿಗೆಯಿಂದ ನಡೆಯುತ್ತದೆ ಎಂದು ಸಾರಿದರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ವ್ಯವಸ್ಥೆ ಹೀಗಿತ್ತು. ಪ್ರತಿ ಭಾನುವಾರ ಊಟವಾದ ಮೇಲೆ ಹಾಲ್‌ನಲ್ಲಿ ಅಜ್ಜಿಯ ಮಂಚದ ಸುತ್ತ ಎಲ್ಲರೂ ಕೂರಬೇಕು. ಏನಾದರೂ ತೀರ್ಮಾನವಾಗಬೇಕಿದ್ದರೆ ಒಬ್ಬೊಬ್ಬರಿಗೂ ಒಂದು ಹುಣಿಸೆ ಬೀಜ, ಒಂದು ಒಣ ಅವರೆಕಾಳು. ಹುಣಿಸೆ ಬೀಜ ಹಾಕಿದರೆ ಹೌದು, ಅವರೆಕಾಳು ಹಾಕಿದರೆ ಬೇಡ. ಮುಷ್ಟಿ ಮುಚ್ಚಿ ಹಿತ್ತಾಳೆ ತಂಬಿಗೆಯೊಳಗೆ ಬಿಡಬೇಕು, ಉಳಿದದ್ದನ್ನು ಮುಷ್ಟಿಯಲ್ಲೇ ಡಬ್ಬಿಗೆ ಹಾಕಬೇಕು. ಸಮ ಸಮ ಬಂದರೆ ಇದ್ದದ್ದು ಇದ್ದ ಹಾಗೇ ಇರಬೇಕು. ಮಕ್ಕಳಿಗೆ ಮತವಿಲ್ಲ ಎಂದಾಗ ನಾನು ಮೂಲೆಯಲ್ಲಿ ಕೂತು ಅತ್ತುಬಿಟ್ಟೆ. ಚಿಕ್ಕಪ್ಪನ ಪ್ರಶ್ನೆ ಬಂದಾಗ ಅತ್ತೆ, ಅವನಿಗ್ಯಾಕೆ ಎಂದಳು. ಅಪ್ಪ ಎದ್ದು ನಿಂತು, ವಯಸ್ಸಿಗೆ ಬಂದ ಪ್ರತಿಯೊಬ್ಬರಿಗೂ ಮತ ಉಂಟು, ಬುದ್ಧಿಯ ಪರೀಕ್ಷೆ ಮಾಡಿ ಮತ ಕೊಡುವುದು ಯಾವ ನ್ಯಾಯ ಎಂದು ಭಾಷಣವನ್ನೇ ಮಾಡಿದರು. ಅಷ್ಟೇ ಅಲ್ಲ, ತಂಬಿಗೆ ಹಿಡಿದು ಎಲ್ಲರ ಬಳಿಗೆ ಒಯ್ಯುವ ಅಧಿಕಾರಿಯ ಹುದ್ದೆಯನ್ನೂ ಅವನಿಗೇ ಕೊಟ್ಟರು.

ಚಿಕ್ಕಪ್ಪ ಆ ಹುದ್ದೆಯನ್ನು ಹಬ್ಬದ ಹಾಗೆ ಮಾಡಿಕೊಂಡ. ಶನಿವಾರವೇ ತಂಬಿಗೆಯನ್ನು ಹುಣಿಸೆಹಣ್ಣು ಹಚ್ಚಿ ಫಳಫಳ ಬೆಳಗುತ್ತಿದ್ದ. ಭಾನುವಾರ ಇಸ್ತ್ರಿ ಅಂಗಿ ತೊಟ್ಟು, ತಲೆ ಬಾಚಿ, ಮೊದಲು ಅಜ್ಜಿ, ಆಮೇಲೆ ಅತ್ತೆ, ಅಪ್ಪ, ಅಮ್ಮ, ಹೀಗೆ ಬಗ್ಗಿ ಬಗ್ಗಿ ಹಿಡಿಯುತ್ತಿದ್ದ. ಕೊನೆಗೆ ತನ್ನ ಹುಣಿಸೆ ಬೀಜವನ್ನು ಅಂಗಿಗೆ ಉಜ್ಜಿ, ಹೊಳಪು ಬಂದಿದೆಯೆಂದು ಎಲ್ಲರಿಗೂ ತೋರಿಸಿ, ಟಣ್ ಎಂದು ಒಳಗೆ ಬಿಡುತ್ತಿದ್ದ. ಇದು ಗುಟ್ಟಾಗಿ ಹಾಕಬೇಕಾದದ್ದು ಎಂದು ಅಪ್ಪ ಎಷ್ಟು ಹೇಳಿದರೂ ಅವನ ತಲೆಗೆ ಹತ್ತಲಿಲ್ಲ. ಯಾವಾಗಲೂ ಅದನ್ನೇ ಯಾಕೆ ಹಾಕ್ತೀಯ ಎಂದು ನಾನೊಮ್ಮೆ ಕೇಳಿದ್ದೆ.

"ಕೊಡೋದಾದ್ರೆ ಚೆನ್ನಾಗಿರೋದೇ ಕೊಡ್ಬೇಕು ಪುಟ್ಟಿ. ಅಮ್ಮ ಹೇಳಿದಾಳೆ."

ಅವನ ಅಮ್ಮ ಎಂದರೆ ನಮ್ಮ ಅಜ್ಜಿ. ಹೀಗೆ ಅವನು ಎಲ್ಲದಕ್ಕೂ ಹೌದು ಎನ್ನುತ್ತಿದ್ದ. ಅಡುಗೆ ವಾರಕ್ಕೊಬ್ಬರಂತೆ ಎಂಬುದಕ್ಕೆ ಹೌದು, ಗೇಟಿಗೆ ಹಸಿರು ಬಣ್ಣ ಎಂಬುದಕ್ಕೂ ಹೌದು, ಅಮ್ಮನಿಗೂ ಮೊದಲ ಡಿಕಾಕ್ಷನ್ ಎಂಬುದಕ್ಕೂ ಹೌದು. ಆ ಕೊನೆಯದು ಗೆದ್ದ ದಿನ ಅಮ್ಮ ಲೋಟವನ್ನು ಮೆತ್ತಗೆ ಕೆಳಗಿಟ್ಟಳು. ಅದನ್ನು ನೆನೆದರೆ ಅಪ್ಪನ ಸರ್ಕಾರವನ್ನು ಪೂರ್ತಿ ಬೈಯಲು ನನಗೆ ಮನಸ್ಸು ಬರುವುದಿಲ್ಲ. ಮುಂದೆ ನುಗ್ಗೆ ಮರದ ಪ್ರಶ್ನೆ ಬಂತು. ಕಂಬಳಿಹುಳು ಮನೆಯೊಳಗೆಲ್ಲ ಬರುತ್ತೆ, ಕಡಿಸೋಣ ಎಂದು ಅತ್ತೆ, ಬೇಡ ಎಂದು ಅಜ್ಜಿ. ಚಿಕ್ಕಪ್ಪನ ಬೀಜದಿಂದಲೇ ಕಡಿಯುವುದೆಂದಾಯಿತು. ಮರ ಕಡಿಯುವವನು ಬಂದು ಮೊದಲ ಏಟು ಹಾಕಿದಾಗ ಚಿಕ್ಕಪ್ಪ ಓಡಿ ಬಂದು ಬುಡವನ್ನು ತಬ್ಬಿಕೊಂಡು ಗೋಳೋ ಎಂದು ಅತ್ತ. ಅವನನ್ನು ಬಿಡಿಸಿ ಒಳಗೆ ಕರೆತರುವುದರಲ್ಲಿ ಅಪ್ಪನ ಕನ್ನಡಕ ಬಿದ್ದು ಒಡೆಯಿತು. ಆ ದಿನವೇ ನಮ್ಮ ಮನೆಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಕನ್ನಡಕ ಹೊಸದು ಬಂತು, ಅಷ್ಟೇ.

ಅಷ್ಟರಲ್ಲಿ ನನಗೆ ತಮ್ಮ ಹುಟ್ಟಿದ. ಚಿಕ್ಕಪ್ಪ ತೊಟ್ಟಿಲ ಪಕ್ಕದಿಂದ ಏಳುತ್ತಲೇ ಇರಲಿಲ್ಲ. ಕೂಸಿಗೆ ಇನ್ನೂ ಹಲ್ಲು ಬಂದಿರಲಿಲ್ಲ, ಒಂದು ಬೆಳಿಗ್ಗೆ ಅಮ್ಮ ಬಟ್ಟೆ ಒಣಹಾಕಲು ತಾರಸಿಗೆ ಹೋಗಿ ಇಳಿಯುವಷ್ಟರಲ್ಲಿ ತೊಟ್ಟಿಲು ಖಾಲಿ. ಚಿಕ್ಕಪ್ಪನೂ ಇಲ್ಲ. ಅಪ್ಪ ಶಾಲೆಯಿಂದ ಬಂದರು, ಅತ್ತೆ ಆಫೀಸಿನಿಂದ ಬಂದಳು, ಬೀದಿಯವರೆಲ್ಲ ದಿಕ್ಕಿಗೊಬ್ಬರು ಹೊರಟರು. ಅಜ್ಜಿ ಮಂಚದಿಂದ ಏಳಲಾಗದೆ ಸೀನೂ ಸೀನೂ ಎಂದು ಕಿಟಕಿಯಿಂದ ಕರೆಯುತ್ತಲೇ ಇದ್ದಳು. ಅಮ್ಮ ಬಾಗಿಲಲ್ಲಿ ಕಂಬ ಹಿಡಿದು ನಿಂತಿದ್ದಳು. ಅವಳ ರವಿಕೆಯೆಲ್ಲ ಹಾಲಿನಿಂದ ಒದ್ದೆಯಾಗಿತ್ತು, ಅವಳಿಗೆ ಅದರ ಪರಿವೆಯೂ ಇರಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಯಾರೋ ಪುಣ್ಯಾತ್ಮರು ಇಬ್ಬರನ್ನೂ ಪುಟ್ಟೇನಹಳ್ಳಿ ಕೆರೆಯ ದಂಡೆಯಿಂದ ಕರೆತಂದರು. ಆಗ ಆ ಕಡೆ ಈಗಿನ ಹಾಗೆ ಮನೆಗಳಿರಲಿಲ್ಲ, ಬರೀ ಹೊಲ. ಕೂಸು ಬಿಸಿಲಿಗೆ ಕೆಂಪಾಗಿ, ಅತ್ತು ಅತ್ತು ದನಿ ಹೋಗಿ, ಆದರೆ ಎಲ್ಲೂ ಒಂದು ಗೀರಿಲ್ಲದೆ ಚಿಕ್ಕಪ್ಪನ ಅಂಗಿಯೊಳಗೆ ಸುತ್ತಿಕೊಂಡು ಮಲಗಿತ್ತು. ಅವನು ಬರಿಮೈಯಲ್ಲಿ ನಗುತ್ತಾ ನಿಂತಿದ್ದ. ಪಾಪುಗೆ ಬಾತುಕೋಳಿ ತೋರಿಸಿದೆ ಎಂದ.

ಅಮ್ಮ ಅವನನ್ನು ಬೈಯಲಿಲ್ಲ. ಕೂಸನ್ನು ಕಿತ್ತುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ವಾರವೆಲ್ಲ ಕೂಸನ್ನು ಮಡಿಲಿಂದ ಕೆಳಗಿಳಿಸಲಿಲ್ಲ, ಬಚ್ಚಲಿಗೂ ಎತ್ತಿಕೊಂಡೇ ಹೋಗುತ್ತಿದ್ದಳು. ಭಾನುವಾರ ಎಲ್ಲರೂ ಕೂತಾಗ, ಮದುವೆಯಾಗಿ ಬಂದ ಮೇಲೆ ಮೊದಲ ಸಲ ಎಲ್ಲರೆದುರು ಬಾಯಿ ಬಿಟ್ಟಳು. ಕನಕಪುರ ರಸ್ತೆಯ ಕಡೆ, ಅಂಜನಾಪುರಕ್ಕೂ ಮುಂದೆ, ಇಂಥವರನ್ನು ನೋಡಿಕೊಳ್ಳುವ ಆಶ್ರಮವಿದೆಯಂತೆ. ಅಲ್ಲಿಗೆ ಸೀನುವನ್ನು ಕಳಿಸಬೇಕು, ಇಲ್ಲವೇ ತಾನು ಮಕ್ಕಳನ್ನು ಕರೆದುಕೊಂಡು ತೌರಿಗೆ ಹೋಗುತ್ತೇನೆ ಎಂದಳು. ಅಜ್ಜಿ ಗೋಡೆಯ ಕಡೆ ಮುಖ ತಿರುಗಿಸಿದಳು. ಹೆಂಡತಿಗೂ ತಾಯಿಗೂ ನಡುವೆ ನಿಂತು ಒಂದು ಮಾತು ಹೇಳುವ ಧೈರ್ಯ ಅಪ್ಪನಿಗಿರಲಿಲ್ಲ. ತಮ್ಮ ಬದಲು ಅಲ್ಲಿ ತಂಬಿಗೆಯನ್ನು ನಿಲ್ಲಿಸಿದರು.

ಚಿಕ್ಕಪ್ಪ ಎಂದಿನಂತೆ ಇಸ್ತ್ರಿ ಅಂಗಿ ತೊಟ್ಟಿದ್ದ. ಅಜ್ಜಿಯ ಮುಂದೆ ಬಗ್ಗಿ ಹಿಡಿದ, ಅತ್ತೆಯ ಮುಂದೆ, ಅಪ್ಪನ ಮುಂದೆ, ಅಮ್ಮನ ಮುಂದೆ. ಅಮ್ಮನ ಮಡಿಲಲ್ಲಿದ್ದ ಕೂಸಿಗೂ ತಂಬಿಗೆ ತೋರಿಸಿ ನಕ್ಕ. ಆಮೇಲೆ ತನ್ನ ಬೀಜವನ್ನು ಉಜ್ಜಿ, ಎಲ್ಲರಿಗೂ ತೋರಿಸಿ, ಟಣ್ ಎನ್ನಿಸಿದ. ಅಪ್ಪ ತಂಬಿಗೆಯನ್ನು ಚಾಪೆಯ ಮೇಲೆ ಬೋರಲು ಹಾಕಿದರು. ಮೂರು ಹುಣಿಸೆ ಬೀಜ, ಎರಡು ಅವರೆಕಾಳು. ಅಜ್ಜಿಯದು ಯಾವುದು, ಅಮ್ಮನದು ಯಾವುದು ಎಂದು ಯಾರಿಗಾದರೂ ಗೊತ್ತು. ಅಪ್ಪ ಮತ್ತು ಅತ್ತೆಯಲ್ಲಿ ಒಬ್ಬರು ಹೌದು ಎಂದಿದ್ದರು, ಒಬ್ಬರು ಬೇಡ ಎಂದಿದ್ದರು. ಯಾರು ಯಾವುದು ಎಂಬುದನ್ನು ಇಬ್ಬರೂ ಹೇಳದೆಯೇ ತೀರಿಕೊಂಡರು. ಅತ್ತೆ ಮಾತ್ರ ಆಗಲೇ, ಸೀನುವಿನದನ್ನು ಲೆಕ್ಕಕ್ಕೆ ಹಿಡಿಯಬೇಡ, ಅವನಿಗೇನು ಗೊತ್ತು ಎಂದಳು. ಹಿಡಿಯದಿದ್ದರೆ ಸಮ ಸಮವಾಗುತ್ತಿತ್ತು, ಅವನು ಇದ್ದ ಹಾಗೇ ಇರಬಹುದಿತ್ತು. ಅಪ್ಪ ಚಾಪೆಯ ಮೇಲಿನ ಬೀಜಗಳನ್ನು ಮತ್ತೊಮ್ಮೆ ಎಣಿಸಿದರು.

"ಮರದ ವಿಷಯಕ್ಕೆ ಲೆಕ್ಕಕ್ಕೆ ಹಿಡಿದ್ವಿ. ಈಗ ಹಿಡಿಯಲ್ಲ ಅಂದ್ರೆ ಅವನು ಈ ಮನೆಯವನೇ ಅಲ್ಲ ಅಂದ ಹಾಗಾಗುತ್ತೆ ಅಕ್ಕ."

ಅವನು ಈ ಮನೆಯವನು ಎಂದು ಸಾಧಿಸಲು ಹೋಗಿ ಅಪ್ಪ ಅವನನ್ನು ಮನೆಯಿಂದ ಕಳಿಸಿದರು. ಬೇರೆ ಯಾವ ಮನೆಯಲ್ಲೂ ಇಂಥದ್ದು ಆಗುತ್ತಿರಲಿಲ್ಲ. ಬೇರೆಯವರು ಕೂಗಾಡುತ್ತಿದ್ದರು, ಅಳುತ್ತಿದ್ದರು, ಎರಡು ದಿನ ಊಟ ಬಿಡುತ್ತಿದ್ದರು, ಆಮೇಲೆ ತೊಟ್ಟಿಲಿನ ರೂಮಿಗೆ ಒಂದು ಚಿಲಕ ಹಾಕಿಸಿಕೊಂಡು ಸುಮ್ಮನಾಗುತ್ತಿದ್ದರು. ನಮಗೆ ನಿಯಮ ಮುಖ್ಯವಾಗಿತ್ತು. ಗೋಡೆಯ ಕಡೆ ಮುಖ ಮಾಡಿದ್ದ ಅಜ್ಜಿ ತಿರುಗದೆಯೇ ಮಾತಾಡಿದಳು.

"ನಾನು ಆಳ್ತಿದ್ದಾಗ ತಪ್ಪಾದ್ರೆ ಎಲ್ಲಾರೂ ನನ್ನೇ ಬೈಕೋತಿದ್ರಿ. ಈಗ ನಾನು ಯಾರನ್ನ ಬೈಲಿ ವೆಂಕಟು?"

ಅಪ್ಪ ಬೀಜಗಳನ್ನು ಒಂದೊಂದಾಗಿ ಡಬ್ಬಿಗೆ ತುಂಬಿದರು. ಎಷ್ಟೋ ವರ್ಷಗಳಿಂದ ನಾನು ಆ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಓಡಾಡಿದ್ದೇನೆ. ಈಗ ನಾನಿರುವುದು ಜೆ.ಪಿ. ನಗರದ ಅಪಾರ್ಟ್‌ಮೆಂಟಿನಲ್ಲಿ, ಅದೇ ಪುಟ್ಟೇನಹಳ್ಳಿ ಕೆರೆಯ ಹತ್ತಿರ. ನಮ್ಮ ಅಸೋಸಿಯೇಷನ್ ಮೀಟಿಂಗಿನಲ್ಲಿ ಬೀದಿನಾಯಿಗೆ ಅನ್ನ ಹಾಕಬಹುದೋ ಬಾರದೋ ಎಂಬುದಕ್ಕೂ ಕೈ ಎತ್ತಿಸುತ್ತಾರೆ. ಕೈಗಳು ಏಳುವಾಗೆಲ್ಲ ನನ್ನ ಕಣ್ಣು, ಅಲ್ಲಿ ಯಾರು ಇಲ್ಲವೋ ಅವರನ್ನು ಹುಡುಕುತ್ತದೆ. ಹಾಗಂತ ಅಜ್ಜಿಯ ಕಾಲವೇ ಚೆನ್ನಾಗಿತ್ತು ಎನ್ನಲು ನನಗೆ ಬಾಯಿ ಬರುವುದಿಲ್ಲ. ಅಮ್ಮನ ತಿಳಿ ಕಾಫಿ ನೆನಪಾಗುತ್ತದೆ.

ಚಿಕ್ಕಪ್ಪ ಹೊರಟ ದಿನ ಅಮ್ಮನೇ ಅವನ ಬಟ್ಟೆಗಳನ್ನು ಒಗೆದು, ಮಡಿಸಿ, ತನ್ನ ಮದುವೆಯ ತಗಡಿನ ಟ್ರಂಕಿನಲ್ಲಿ ಜೋಡಿಸಿ ಕೊಟ್ಟಳು. ಅವನು ಪ್ರವಾಸಕ್ಕೆ ಹೊರಟವನ ಹಾಗೆ ಖುಷಿಯಾಗಿದ್ದ. ಆಶ್ರಮದವರು ಕೆಟ್ಟವರೇನಲ್ಲ. ಶುಚಿಯಾದ ಜಾಗ, ಹೊತ್ತಿಗೆ ಸರಿಯಾಗಿ ಊಟ. ಮೀಟಿಂಗ್ ನಡೆಯುತ್ತಿದ್ದ ಭಾನುವಾರಗಳಲ್ಲಿ ಈಗ ನಾವು ಅವನನ್ನು ನೋಡಲು ಹೋಗತೊಡಗಿದೆವು. ಅಜ್ಜಿ ಅಷ್ಟರಲ್ಲಿ ಕೋಲು ಹಿಡಿದು ನಡೆಯುವಂತಾಗಿದ್ದಳು. ಬಸ್ಸಿನ ಕೊನೇ ಸ್ಟಾಪಿನಿಂದ ಮಣ್ಣು ದಾರಿಯಲ್ಲಿ ನಿಧಾನವಾಗಿ ನಡೆದು ಹೋಗುತ್ತಿದ್ದೆವು. ಮೊದಲ ಸಲ ಅವನು ನಕ್ಕ. ಆಮೇಲಾಮೇಲೆ ನಗುವುದು ಕಡಿಮೆಯಾಯಿತು. ಯಾವಾಗ ಹೊರಡುವುದು ಎಂದು ಕೇಳುತ್ತಿದ್ದ, ಅಪ್ಪ ಮುಂದಿನ ಸಲ ಎನ್ನುತ್ತಿದ್ದರು.

ಅವರೆಕಾಯಿ ಕಾಲದ ಒಂದು ಭಾನುವಾರ ಅವನು ನಮ್ಮನ್ನು ಕಂಡು ಏಳಲೂ ಇಲ್ಲ. ಜಗಲಿಯ ಮೇಲೆ ಕೂತೇ ಇದ್ದ. ಅವನನ್ನು ನಗಿಸಬೇಕೆಂದು ಅಜ್ಜಿ ಸೆರಗಿನ ಗಂಟು ಬಿಚ್ಚಿ ಹುಣಿಸೆ ಬೀಜ, ಅವರೆಕಾಳು ಸುರಿದಳು. ಅಪ್ಪನಿಗೆ ಏನನ್ನಿಸಿತೋ, ಒಂದೊಂದನ್ನು ಆರಿಸಿ ಅವನ ಅಂಗೈಲಿಟ್ಟು, ಹಳೆಯ ಮೀಟಿಂಗಿನ ದನಿಯಲ್ಲಿ, ಸೀನು ಇಲ್ಲೇ ಇರುತ್ತಾನೋ ಎಂದು ಕೇಳಿ ತಮ್ಮ ಕೈ ಚಾಚಿದರು. ಬರೀ ಆಟಕ್ಕೆ. ಚಿಕ್ಕಪ್ಪ ಎರಡನ್ನೂ ನೋಡಿದ. ಹುಣಿಸೆ ಬೀಜವನ್ನು ಎಂದಿನಂತೆ ಅಂಗಿಗೆ ಉಜ್ಜಿದ. ಉಜ್ಜಿ ತನ್ನ ಜೇಬಿಗೆ ಹಾಕಿಕೊಂಡ. ಅಪ್ಪನ ಕೈಯಲ್ಲಿ ಅವರೆಕಾಳನ್ನು ಇಟ್ಟ, ಇಟ್ಟು ಅಪ್ಪನ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಮುಷ್ಟಿ ಮುಚ್ಚಿದ.

ಅಪ್ಪನ ಮುಖ ಬಿಳಿಚಿಕೊಂಡಿತು. ಅವನಿಗೆ ಗೊತ್ತಾಗಲ್ಲ ಬಿಡಿ ಎಂದು, ಯಾರಿಗೂ ಅಲ್ಲದ ಹಾಗೆ ಹೇಳಿ ಚಪ್ಪಲಿ ಹಾಕಿಕೊಂಡರು. ಬಸ್ಸಿನಲ್ಲಿ ನಾನು ಅಪ್ಪನ ಪಕ್ಕ, ಮುಂದಿನ ಸೀಟಿನಲ್ಲಿ ಅಜ್ಜಿ. ಜೆ.ಪಿ. ನಗರದ ಹತ್ತಿರ ಬಂದಾಗ ಅಜ್ಜಿ ಹಿಂದೆ ತಿರುಗಿದಳು.

"ಅವತ್ತು ಗೊತ್ತಾಗಿತ್ತಾ ಅವನಿಗೆ?"

ಇಷ್ಟೇ ಕೇಳಿದ್ದು. ಅಪ್ಪ ಕಿಟಕಿಯ ಕಡೆ ಮುಖ ಮಾಡಿದರು. ಮುಚ್ಚಿದ್ದ ಅವರ ಮುಷ್ಟಿ ಮನೆಗೆ ಬರುವವರೆಗೂ ಬಿಚ್ಚಲಿಲ್ಲ. ಮರುದಿನ ಶಾಲೆಗೆ ರಜೆ ಹಾಕಿ ಒಬ್ಬರೇ ಹೋದರು. ಸಂಜೆ ಆಟೋ ಬಂದು ನಿಂತಾಗ ಅದರಿಂದ ಮೊದಲು ಟ್ರಂಕು ಇಳಿಯಿತು, ಆಮೇಲೆ ಚಿಕ್ಕಪ್ಪ. ಅಮ್ಮ ಬಾಗಿಲಲ್ಲಿ ನಿಂತಿದ್ದಳು, ಸೊಂಟದಲ್ಲಿ ಕೂಸು. ಅಮ್ಮ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಎಷ್ಟು ಬಡವಾಗಿದ್ದೀಯೋ, ನೀರು ಕಾದಿದೆ ಹೋಗು ಎಂದಳು. ರಾತ್ರಿ ಊಟಕ್ಕೆ ಹಿತುಕಿದ ಬೇಳೆ ಸಾರು ಮಾಡಿದಳು. ಕೂಸಿನ ರೂಮಿಗೆ ಒಂದು ಚಿಲಕ ಬಂತು.

ಆ ಭಾನುವಾರ ಅಪ್ಪ ಮತ್ತೆ ಎಲ್ಲರನ್ನೂ ಕೂರಿಸಿದರು. ಸೀನು ಇನ್ನು ಎಂದೆಂದಿಗೂ ಈ ಮನೆಯಲ್ಲೇ ಇರುತ್ತಾನೆ ಎಂಬುದನ್ನು ಮತಕ್ಕೆ ಹಾಕಿ, ಎಲ್ಲರೂ ಹುಣಿಸೆ ಬೀಜ ಹಾಕಿ, ಅವನು ಅದನ್ನು ಕಣ್ಣಾರೆ ನೋಡಬೇಕೆಂದು ಅವರ ಆಸೆ. ತಪ್ಪನ್ನು ಯಾವ ದಾರಿಯಲ್ಲಿ ಮಾಡಿದ್ದರೋ ಅದೇ ದಾರಿಯಲ್ಲಿ ತಿದ್ದಿಕೊಳ್ಳಬೇಕಿತ್ತು ಅವರಿಗೆ, ಪಾಪ. ತಂಬಿಗೆಯನ್ನು ತಾವೇ ಬೆಳಗಿದ್ದರು. ಅದನ್ನು ಚಿಕ್ಕಪ್ಪನ ಕೈಗೆ ಕೊಟ್ಟರು.

ಚಿಕ್ಕಪ್ಪ ತಂಬಿಗೆಯನ್ನು ನೋಡಿದ, ಸುತ್ತ ಕೂತಿದ್ದ ನಮ್ಮನ್ನೆಲ್ಲ ನೋಡಿದ. ಅದನ್ನು ಸದ್ದಾಗದ ಹಾಗೆ ಚಾಪೆಯ ಮೇಲಿಟ್ಟು ಒಳಗೆ ಹೋದ. ಏನೋ ಎಳೆಯುವ ಸದ್ದು ಕೇಳಿಸಿತು. ಹೊರಗೆ ಬಂದಾಗ ಅವನ ಕೈಯಲ್ಲಿ ಟ್ರಂಕು ಇತ್ತು. ಬಾಗಿಲಿಗೆ ಹೋಗಿ, ಚಪ್ಪಲಿ ಮೆಟ್ಟಿ, ನಮ್ಮ ಕಡೆ ತಿರುಗಿ ನಿಂತ.

"ಹೊರಡೋಣ ಅಣ್ಣ. ನಾನು ರೆಡಿ."

ಅಪ್ಪ ಚಾಪೆಯ ಮೇಲಿದ್ದ ತಂಬಿಗೆಯನ್ನು ತಮ್ಮ ಹಿಂದಕ್ಕೆ ಸರಿಸಿದರು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಗ ಮಂಚದಿಂದ ಅಜ್ಜಿಯ ದನಿ ಬಂತು, ಬೀಗದ ಕೈ ಸೊಂಟದಲ್ಲಿದ್ದ ಕಾಲದ ದನಿ.

"ಸೀನು, ಚಪ್ಪಲಿ ಬಿಚ್ಚು. ಒಳಗೆ ಬಾ."

ಅವನು ಕೂಡಲೇ ಚಪ್ಪಲಿ ಬಿಚ್ಚಿದ, ಟ್ರಂಕನ್ನು ಎತ್ತಿಕೊಂಡು ಒಳಗೆ ಬಂದ. ಅಲ್ಲಿಗೆ ನಮ್ಮ ಮನೆಯ ಮೀಟಿಂಗು ಮುಗಿಯಿತು. ಅಪ್ಪ ಮತ್ತೆಂದೂ ಕರೆಯಲಿಲ್ಲ. ಚಿಕ್ಕಪ್ಪ ನಮ್ಮೊಡನೆ ಮುದುಕನಾಗುವವರೆಗೂ ಬದುಕಿದ, ನನ್ನ ತಮ್ಮನನ್ನು ಕೈ ಹಿಡಿದು ಶಾಲೆಗೆ ಬಿಟ್ಟು ಬರುವಷ್ಟು ಅಮ್ಮನ ನಂಬಿಕೆಯನ್ನೂ ಪಡೆದ. ಆದರೆ ಅವನ ಬಟ್ಟೆಗಾಗಿ ಅಮ್ಮ ಖಾಲಿ ಮಾಡಿಕೊಟ್ಟ ಬೀರುವಿನ ಖಾನೆ ಕೊನೆಯವರೆಗೂ ಖಾಲಿಯೇ ಇತ್ತು. ದಿನಾ ಟ್ರಂಕಿನಿಂದ ಒಂದು ಅಂಗಿ ತೆಗೆದು ತೊಡುತ್ತಿದ್ದ, ಒಗೆದು ಒಣಗಿದ ಮೇಲೆ ಮಡಿಸಿ ಮತ್ತೆ ಟ್ರಂಕಿನಲ್ಲೇ ಇಡುತ್ತಿದ್ದ.